ಸೌಂಡಿಂಗ್ ಟೇಪು, ಸೆಕ್ಸ್‌ಟಂಟು ಮತ್ತು ನನ್ನ ಕೆಡೆಟ್ ದಿನಗಳು

ಮರ್ಚೆಂಟ್ ನೇವಿ ಸೇರುವ ಹುಡುಗರ ತಲೆಯಲ್ಲಿ ಬಿಳಿ ಯೂನಿಫಾರ್ಮು, ಹೆಗಲ ಮೇಲಿನ ಚಿನ್ನದ ಪಟ್ಟಿ ಓಡಾಡುತ್ತಿರುತ್ತವೆ. ಡೆಕ್ ಕೆಡೆಟ್, ಅಂದರೆ ತರಬೇತಿಯಲ್ಲಿರುವ ಅಧಿಕಾರಿಯಾಗಿ ಬಲ್ಕ್ ಕ್ಯಾರಿಯರ್ (ಸರಕನ್ನು ರಾಶಿಯಾಗಿ ಸಾಗಿಸುವ ಹಡಗು) ಹತ್ತಿದ ನನ್ನ ಕೈಗೆ ಮೊದಲು ಬಂದದ್ದು ಬಾಯ್ಲರ್ ಸೂಟು ಮತ್ತು ಚಿಪ್ಪಿಂಗ್ ಹ್ಯಾಮರು. ಡೆಕ್ಕಿನ ತುಕ್ಕು ಬಡಿದು ಉದುರಿಸುವುದು, ಲೋಹ ಹೊಳೆಯುವವರೆಗೆ ವೈರ್ ಬ್ರಷ್ ಉಜ್ಜುವುದು, ಸಿಹಿನೀರಲ್ಲಿ ತೊಳೆದು ಒಣಗಿಸಿ ಪ್ರೈಮರ್ ಬಳಿಯುವುದು. ಉಪ್ಪು ಉಳಿದರೆ ಬಣ್ಣದ ಅಡಿಯಲ್ಲೇ ತುಕ್ಕು ಮತ್ತೆ ಶುರು. ಡೆಕ್ ಕೆಲಸಗಾರರ ಮೇಸ್ತ್ರಿ ಬೋಸನ್ ಹೆಚ್ಚು ಮಾತಾಡುವವರಲ್ಲ. ಸುತ್ತಿಗೆ ಹಿಡಿಯುವುದನ್ನು ಒಮ್ಮೆ ತೋರಿಸಿ, "ಕಿವಿ ಕೊಟ್ಟು ಬಡಿ" ಎಂದು ಹೇಳಿ ಹೋದರು. ಗಟ್ಟಿ ಉಕ್ಕು ಖಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಸದ್ದು ಮಂಕು. ಬಣ್ಣ ಚೆನ್ನಾಗಿ ಕಂಡರೂ ಅಡಿಯಲ್ಲಿ ಏನಿದೆ ಎಂದು ಕಿವಿಗೆ ತಿಳಿಯುತ್ತಿತ್ತು.

ಬೆಳಗಿನ ಕೆಲಸ ಸೌಂಡಿಂಗ್, ಅಂದರೆ ಒಳಗೆ ಎಷ್ಟು ನೀರಿದೆ ಎಂದು ಅಳೆಯುವುದು. ಬ್ಯಾಲಸ್ಟ್ ಟ್ಯಾಂಕು (ಹಡಗಿನ ಸಮತೋಲಕ್ಕೆ ನೀರು ತುಂಬುವ ಟ್ಯಾಂಕು) ಮತ್ತು ಸರಕಿನ ಕೋಣೆಯ ತಳದಲ್ಲಿ ನೀರು ಸೇರುವ ಹೋಲ್ಡ್ ಬಿಲ್ಜ್‌ಗಳ ಪೈಪಿನ ಮುಚ್ಚಳ ತೆಗೆದು, ಹಿತ್ತಾಳೆ ಗುಂಡು ಕಟ್ಟಿದ ಟೇಪಿಗೆ ಸೀಮೆಸುಣ್ಣ ಹಚ್ಚಿ ಇಳಿಬಿಟ್ಟು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಓದುವುದು. ಹಡಗು ಹೊಯ್ದಾಡುವಾಗ ಒಂದು ಓದು ಸಾಲದು, ಹಲವು ಸಲ ಇಳಿಸಿ ಸರಾಸರಿ ತೆಗೆಯಬೇಕು. ಹಡಗು ಹಿಂಬದಿಗೆ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಕೋಷ್ಟಕದ ಪ್ರಕಾರ ಆ ಓದನ್ನು ತಿದ್ದಬೇಕು. ಇಷ್ಟಕ್ಕೂ ಕಂಟ್ರೋಲ್ ರೂಮಿನಲ್ಲಿ ಗೇಜ್‌ಗಳು ಇದ್ದವು! ನಾನೊಮ್ಮೆ ಗೇಜಿನ ಅಂಕಿ ಹೇಳಲು ಹೋದಾಗ ಕ್ಯಾಪ್ಟನ್ ನಂತರದ ಅಧಿಕಾರಿಯಾದ ಚೀಫ್ ಆಫೀಸರ್ ಕೈಯೆತ್ತಿ ತಡೆದರು: "ಅದನ್ನ ನಾನು ಇಲ್ಲೇ ಕೂತು ಓದ್ತೀನಿ. ಟೇಪು ಏನು ಹೇಳ್ತು, ನಿನ್ನೆ ಏನು ಹೇಳಿತ್ತು, ಅದನ್ನ ಹೇಳು." ತರಬೇತಿಯುದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಈ ಮಾತೇ ಮತ್ತೆ ಮತ್ತೆ ಎದುರಾಯಿತು. ಒಂದು ಉಪಕರಣ ಹೇಳಿದ್ದನ್ನು ಅದರ ಹಂಗಿಲ್ಲದ ಇನ್ನೊಂದರಿಂದ ಕೇಳಿ ನೋಡು.

ಟ್ಯಾಂಕಿನೊಳಗೆ ಇಳಿಯುವ ಪಾಠ ಮಾತ್ರ ಭಯ ಹುಟ್ಟಿಸುವಂಥದ್ದು, ಹುಟ್ಟಿಸಲೇಬೇಕು. ಖಾಲಿ, ಒಣಗಿದ, ಯಾವ ವಾಸನೆಯೂ ಇಲ್ಲದ ಟ್ಯಾಂಕು. ಆದರೆ ಮುಚ್ಚಿಟ್ಟ ಟ್ಯಾಂಕಿನಲ್ಲಿ ಉಕ್ಕು ತುಕ್ಕು ಹಿಡಿಯುತ್ತಾ ಗಾಳಿಯ ಆಮ್ಲಜನಕವನ್ನೇ ತಿಂದು ಹಾಕುತ್ತದೆ. ಮೂಗಿಗೆ ಗೊತ್ತಾಗುವುದಿಲ್ಲ, ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ, ಮನುಷ್ಯ ಸುಮ್ಮನೆ ಕುಸಿಯುತ್ತಾನೆ. ಅವನನ್ನು ಎತ್ತಲು ಹಾಗೇ ಧುಮುಕುವ ಎರಡನೆಯವನೂ ಉಳಿಯುವುದಿಲ್ಲ. ಅದಕ್ಕೇ ಮೊದಲು ಗಾಳಿ ಹಾಯಿಸಿ, ಮೀಟರನ್ನು ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು ನೋಡಬೇಕು. ಹೊರಗಿನ ಗಾಳಿಯಲ್ಲಿರುವ 20.9 ಶೇಕಡಾ ಒಳಗೂ ಕಾಣಬೇಕು. ಬಾಗಿಲಲ್ಲಿ ರೇಡಿಯೋ ಹಿಡಿದು ಒಬ್ಬರು ನಿಲ್ಲಬೇಕು. ಅನೇಕ ದಿನ ಆ 'ಒಬ್ಬ' ನಾನೇ. ಬೇಸರದ ಕೆಲಸ, ಆದರೆ ಅಲ್ಲಿಂದ ಕದಲುವಂತಿಲ್ಲ.

ಕಡಲ ಕಾಯಿಲೆ, ಮನೆ ನೆನಪು ಎಲ್ಲರಿಗೂ ಆದಂತೆ ನನಗೂ ಆಯಿತು, ಹೋಯಿತು.

ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ನನ್ನದು ಚೀಫ್ ಆಫೀಸರ್ ಜೊತೆ ನಾಲ್ಕರಿಂದ ಎಂಟರ ವಾಚ್ (ಕಾವಲು ಪಾಳಿ), ಬೆಳಿಗ್ಗೆಯೂ ಸಂಜೆಯೂ. ಕತ್ತಲಲ್ಲಿ ಮುಂದೆ ಬೇರೆ ಹಡಗಿನ ದೀಪ ಕಂಡರೆ ಅವರು ನನ್ನನ್ನು ರೇಡಾರ್ ಕಡೆ ಹೋಗಲು ಬಿಡುತ್ತಿರಲಿಲ್ಲ. ಮೊದಲು ನೀನು ಹೇಳು: ಕೆಂಪೋ ಹಸಿರೋ, ಮಾಸ್ಟ್‌ಹೆಡ್ (ಕಂಬದ ಮೇಲಿನ) ದೀಪ ಒಂದೋ ಎರಡೋ, ಯಾವುದು ಮೇಲೆ. ಆಮೇಲೆ ಬ್ರಿಡ್ಜ್‌ನ ಪಕ್ಕದ ವಿಂಗಿಗೆ ಹೋಗಿ ದಿಕ್ಸೂಚಿಯ ರಿಪೀಟರಿನ ಮೇಲೆ ಅದರ ಬೇರಿಂಗ್ (ಅದು ಕಾಣುವ ದಿಕ್ಕಿನ ಕೋನ) ತೆಗೆದು, ಕೆಲ ನಿಮಿಷ ಬಿಟ್ಟು ಇನ್ನೊಮ್ಮೆ ತೆಗೆಯಬೇಕು. ಅಂತರ ಕಡಿಮೆಯಾಗುತ್ತಿದ್ದು ಬೇರಿಂಗ್ ಬದಲಾಗದಿದ್ದರೆ ಡಿಕ್ಕಿಯ ದಾರಿಯಲ್ಲಿದ್ದೇವೆ ಎಂದರ್ಥ. ಕೊನೆಗೆ ರೇಡಾರ್. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಾದ 1972ರ ಕೊಲ್‌ರೆಗ್ಸ್‌ನ 5ನೇ ನಿಯಮ ಲುಕೌಟ್ (ಸುತ್ತಲ ನಿಗಾ) ಬಗ್ಗೆ ಹೇಳುವಾಗ ಕಣ್ಣು, ಕಿವಿಯನ್ನು ಮೊದಲಿಟ್ಟು, ಲಭ್ಯವಿರುವ ಉಳಿದೆಲ್ಲ ಸಾಧನಗಳನ್ನು ಆಮೇಲೆ ತರುತ್ತದೆ. ಅವರು ಕಲಿಸಿದ್ದೂ ಅದೇ ಕ್ರಮದಲ್ಲಿ.

ಈ ವಾಚಿನ ಭಾಗ್ಯವೆಂದರೆ ನಕ್ಷತ್ರಗಳು. ಸೂರ್ಯ ದಿಗಂತದಿಂದ 6ರಿಂದ 12 ಡಿಗ್ರಿ ಕೆಳಗಿರುವ ಸ್ವಲ್ಪ ಹೊತ್ತು ಮಾತ್ರ ನಕ್ಷತ್ರವೂ ದಿಗಂತವೂ ಒಟ್ಟಿಗೆ ಸಿಗುತ್ತವೆ. ಸಂಜೆಯಾದರೆ, ನಾವಿಕರ ಪಂಚಾಂಗವಾದ ಆಲ್ಮನ್ಯಾಕ್ ಪಟ್ಟಿ ಮಾಡಿರುವ 57 ನಕ್ಷತ್ರಗಳಲ್ಲಿ ಐದಾರನ್ನು ಆರಿಸಿ, ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ ಇರುತ್ತವೆ ಎಂದು ಮೊದಲೇ ಲೆಕ್ಕ ಹಾಕಿಡುತ್ತಿದ್ದೆ. ಆ ಎತ್ತರದ ಕೋನವನ್ನು ಸೆಕ್ಸ್‌ಟಂಟಿನಲ್ಲಿ (ದಿಗಂತದಿಂದ ನಕ್ಷತ್ರದ ಕೋನ ಅಳೆಯುವ ಉಪಕರಣ) ಇಟ್ಟು ಆ ದಿಕ್ಕಿಗೆ ಹಿಡಿದರೆ, ಬರಿಗಣ್ಣಿಗೆ ಏನೂ ಕಾಣದ ಆಕಾಶದ ನಕ್ಷತ್ರ ದುರ್ಬೀನಿನಲ್ಲಿ ದಿಗಂತದ ಪಕ್ಕಕ್ಕೆ ಬಂದು ಕೂತಿರುತ್ತಿತ್ತು. ಮೊದಲ ಸಲ ಇದನ್ನು ಕಂಡಾಗ ಗಣಿತದ ಮೇಲೆ ನನಗೆ ಹುಟ್ಟಿದ ಗೌರವ ಶಾಲೆಯಲ್ಲಿ ಎಂದೂ ಹುಟ್ಟಿರಲಿಲ್ಲ. ಸೆಕ್ಸ್‌ಟಂಟನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿ, ನಕ್ಷತ್ರ ಕಮಾನಿನಂತೆ ತೂಗಿ ದಿಗಂತವನ್ನು ಸವರುವ ಗಳಿಗೆಯಲ್ಲಿ ಸಮಯ ಕೂಗಬೇಕು. ಸಮಯದಲ್ಲಿ 4 ಸೆಕೆಂಡು ತಪ್ಪಿದರೆ ರೇಖಾಂಶದಲ್ಲಿ 1 ಮಿನಿಟ್ ತಪ್ಪು, ಅಂದರೆ ಸಮಭಾಜಕದ ಬಳಿ ಒಂದು ನಾಟಿಕಲ್ ಮೈಲು. ಉಪಕರಣದ ಸ್ವಂತ ತಪ್ಪಾದ ಇಂಡೆಕ್ಸ್ ಎರರ್, ಕಣ್ಣಿನ ಎತ್ತರದಿಂದ ದಿಗಂತ ತಗ್ಗಿ ಕಾಣುವ ಡಿಪ್, ವಾತಾವರಣದ ವಕ್ರೀಭವನ ಎಲ್ಲ ತಿದ್ದಿ ಚಾರ್ಟಿನಲ್ಲಿ ನಕ್ಷತ್ರಕ್ಕೊಂದು ಗೆರೆ ಎಳೆದರೆ ಅವು ಒಂದೇ ಬಿಂದುವಿನಲ್ಲಿ ಕೂಡುವುದು ಅಪರೂಪ, ನಡುವೆ ತ್ರಿಕೋನ ಉಳಿಯುತ್ತದೆ. ನನ್ನ ತ್ರಿಕೋನ ಚಿಕ್ಕದಾಗಲು ತಿಂಗಳುಗಳೇ ಹಿಡಿದವು. ಆಮೇಲಷ್ಟೇ ಜಿಪಿಎಸ್ ಸ್ಥಾನವನ್ನು ಪಕ್ಕದಲ್ಲಿ ಗುರುತಿಸಲು ಅನುಮತಿ.

ಕಲಿತ ಕೆಲಸಗಳಿಗೆ ಅಧಿಕಾರಿಗಳ ಸಹಿ ಪಡೆಯುವ ಟ್ರೇನಿಂಗ್ ರೆಕಾರ್ಡ್ ಬುಕ್ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯೂ ಪ್ರಕಾರ ಅದರಲ್ಲಿ ದಾಖಲಾದ ಅನುಮೋದಿತ ತರಬೇತಿ ಇದ್ದರೆ ಅಧಿಕಾರಿಯ ಪ್ರಮಾಣಪತ್ರಕ್ಕೆ ಕನಿಷ್ಠ 12 ತಿಂಗಳ ಸಮುದ್ರಸೇವೆ ಸಾಕು, ಇಲ್ಲದಿದ್ದರೆ 36. ಹಾಗಾಗಿ ಸಹಿಗೆ ಬೆಲೆ ಇದೆ. ಆದರೆ ಬಂದರು ಹತ್ತಿರವಾದಾಗ ಪುಟ ತುಂಬಿಸುವ ಅವಸರದಲ್ಲಿ ನೋಡದೆ ಸಹಿ ಹಾಕುವವರೂ ಇರುತ್ತಾರೆ, ಹಾಕಿಸಿಕೊಳ್ಳುವ ಕೆಡೆಟ್‌ಗಳೂ ಇರುತ್ತಾರೆ. ನಾನು ಬ್ಯಾಲಸ್ಟ್ ಲೈನ್ (ಬ್ಯಾಲಸ್ಟ್ ನೀರಿನ ಪೈಪುಗಳು) ಪುಟಕ್ಕೆ ಸಹಿ ಕೇಳಿದಾಗ ನಮ್ಮ ಚೀಫ್ ಆಫೀಸರ್ ಟಾರ್ಚು, ಖಾಲಿ ಹಾಳೆ ಕೊಟ್ಟರು. ನಕ್ಷೆ ನೋಡುವಂತಿಲ್ಲ, ಪೈಪಿನ ಹಿಂದೆ ನಡೆದು ಚಿತ್ರ ಬರೆದು ತಾ ಎಂದರು. ಹಡಗಿನ ತಳದಲ್ಲಿ ಪೈಪುಗಳು ಹಾಯುವ ಸುರಂಗವಾದ ಡಕ್ಟ್ ಕೀಲಿನಲ್ಲಿ ಬಗ್ಗಿಕೊಂಡು, ವಾಲ್ವಿನಿಂದ ವಾಲ್ವಿಗೆ ಗೆರೆ ಎಳೆದು ತಂದ ಆ ಎಣ್ಣೆಗಲೆಯ ಹಾಳೆಯನ್ನು ಹಡಗಿನ ಅಸಲಿ ನಕ್ಷೆಯ ಪಕ್ಕದಲ್ಲಿಟ್ಟು ಒಂದೊಂದೇ ವಾಲ್ವ್ ಹೋಲಿಸಿ ನೋಡಿದ ಮೇಲೆ ಸಹಿ ಹಾಕಿದರು. ಮುಂದಿನ ಬಂದರಿನಲ್ಲಿ ಸರಕು ತುಂಬುವಾಗ ಬ್ಯಾಲಸ್ಟ್ ನೀರು ಹೊರಹಾಕಲು ವಾಲ್ವ್ ತೆರೆಯುವ ಕೆಲಸಕ್ಕೆ ನನ್ನನ್ನೇ ಕರೆದರು.