ಡಯಲ್ ಕೆಳಗೆ ಬರೀ ‘ಸ್ವಿಸ್’: ನಾನು ಸ್ಟೀಲ್ ರೋಲೆಕ್ಸ್ ಹುಡುಕುವ ರೀತಿ

ಚಿನ್ನದ ವಾಚು, ವಜ್ರ ಕೂರಿಸಿದ ವಾಚು ನನಗೆ ಯಾವತ್ತೂ ಬೇಕೆನಿಸಿಲ್ಲ. ನಾನು ಕೂಡಿಡುವುದು ಸ್ಟೀಲ್ ರೋಲೆಕ್ಸ್. ಅದರಲ್ಲೂ ಸುಮಾರು 1989ರಿಂದ 2010ರವರೆಗೆ ಬಂದ ಐದಂಕಿ ಮಾಡೆಲ್ ನಂಬರಿನವು. ಅವೆಲ್ಲವೂ ಅಲ್ಲ. ಫ್ಯಾಕ್ಟರಿಯವರು ಒಂದು ಭಾಗವನ್ನು ಬದಲಿಸುವ ಹೊತ್ತಿನಲ್ಲಿ ತಯಾರಾದವು ಮಾತ್ರ. ಹಳೆಯದು ನಿಂತಿರುತ್ತದೆ, ಹೊಸದು ಪೂರ್ತಿ ಬಂದಿರುವುದಿಲ್ಲ. ಆ ನಡುವಿನ ವಾಚುಗಳ ಸಂಖ್ಯೆ ಕಡಿಮೆ, ಗುರುತಿಸುವ ಮಜಾ ಜಾಸ್ತಿ.

ಇದಕ್ಕೆ ಒಳ್ಳೆಯ ಉದಾಹರಣೆ ಎಕ್ಸ್‌ಪ್ಲೋರರ್ 14270. 36 ಮಿ.ಮೀ. ಅಗಲ, ಕಪ್ಪು ಡಯಲ್, 3, 6, 9 ಅಂಕಿಗಳು. ತಾರೀಖು ಕೂಡ ಇಲ್ಲದ ಸರಳ ವಾಚು. ಇದರ ಡಯಲ್‌ನಲ್ಲಿ 6ರ ಕೆಳಗೆ, ಅಂಚಿನಲ್ಲಿ ಸಣ್ಣ ಅಕ್ಷರಗಳಿರುತ್ತವೆ. ಮೊದಲು ಅಲ್ಲಿ ‘ಸ್ವಿಸ್’ ಜೊತೆಗೆ ‘ಟಿ<25’ ಎಂದೂ ಇತ್ತು. ಟಿ ಅಂದರೆ ಟ್ರಿಟಿಯಂ, ಕತ್ತಲಲ್ಲಿ ಹೊಳೆಯಲೆಂದು ಹಚ್ಚುತ್ತಿದ್ದ ವಿಕಿರಣದ ಬಣ್ಣ. 1998ರ ಸುಮಾರಿಗೆ ಅದನ್ನು ಬಿಟ್ಟು ಲ್ಯೂಮಿನೋವಾ ಎಂಬ ವಿಕಿರಣವಿಲ್ಲದ ಹೊಳೆಯುವ ಬಣ್ಣಕ್ಕೆ ಬಂದರು. ಆಗ ‘ಟಿ’ ಹೋಯಿತು, ಬರೀ ‘ಸ್ವಿಸ್’ ಉಳಿಯಿತು. ಸುಮಾರು 2000ದ ಹೊತ್ತಿಗೆ ‘ಸ್ವಿಸ್ ಮೇಡ್’ ಎಂದು ಅಚ್ಚಾಗತೊಡಗಿತು. ಬರೀ ‘ಸ್ವಿಸ್’ ಇದ್ದದ್ದು ಆ ಸ್ವಲ್ಪ ಕಾಲ ಅಷ್ಟೇ. ರೋಲೆಕ್ಸ್‌ನ ಬೇರೆ ಮಾಡೆಲ್‌ಗಳಾದ ಸಬ್‌ಮರೀನರ್ 16610, ಎಕ್ಸ್‌ಪ್ಲೋರರ್ 2, ಜಿಎಂಟಿ, ಇವುಗಳಲ್ಲೂ ಇಂಥವು ಸಿಗುತ್ತವೆ.

ಇದೇ 14270ಯ ಮೊದಮೊದಲ ತಯಾರಿಯಲ್ಲಿ ಇನ್ನೊಂದು ಬಗೆ ಇದೆ. ಅಂಕಿಗಳ ಒಳಗೆ ಬಿಳಿ ಬದಲು ಕಪ್ಪು ತುಂಬಿರುತ್ತದೆ. ಬೆಲೆ ಕೇಳಿದ ಮೇಲೆ ಅದರ ಆಸೆ ಬಿಟ್ಟೆ.

ವಾಚು ಕೈಗೆ ಬಂದರೆ ನಾನು ಡಯಲ್ ನೋಡುವ ಮುಂಚೆ ಚೈನ್ ಬಿಚ್ಚಿಸುತ್ತೇನೆ. ನಾನು ಹುಡುಕುವ ಕಾಲದ ವಾಚುಗಳಲ್ಲಿ ಸೀರಿಯಲ್ ನಂಬರ್ ಇರುವುದು 6ರ ಕಡೆ, ಚೈನ್ ಸೇರುವ ಎರಡು ಕೊಂಬುಗಳ ನಡುವೆ. ಮಾಡೆಲ್ ನಂಬರ್ 12ರ ಕಡೆ. ಸೀರಿಯಲ್‌ನ ಮೊದಲ ಅಕ್ಷರದಿಂದ ಹೆಚ್ಚುಕಡಿಮೆ ವರ್ಷ ಗೊತ್ತಾಗುತ್ತದೆ: ಯು ಅಂದರೆ 1997ರ ಸುಮಾರು, ಎ ಅಂದರೆ 1998–99, ಪಿ ಅಂದರೆ 2000. ಎ ಸೀರಿಯಲ್‌ಗೆ ಬರೀ ‘ಸ್ವಿಸ್’ ಡಯಲ್ ಇದ್ದರೆ ಎರಡಕ್ಕೂ ಹೊಂದುತ್ತದೆ. 1992ರ ಸಿ ಸೀರಿಯಲ್‌ಗೆ ಅದೇ ಡಯಲ್ ಇದ್ದರೆ? ಸರ್ವೀಸ್‌ನಲ್ಲಿ ಡಯಲ್ ಬದಲಾಗಿದೆ ಎಂದೇ ಅರ್ಥ. ವಾಚು ಅಸಲಿ, ಆದರೆ ನನಗೆ ಬೇಕಾದದ್ದಲ್ಲ.

ಆಮೇಲೆ ಕತ್ತಲೆ ಕೋಣೆ ಮತ್ತು ಯುವಿ ಟಾರ್ಚ್. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12 ವರ್ಷ. ಹಾಗಾಗಿ ಹಳೆಯ ಡಯಲ್ ಇವತ್ತು ತಾನಾಗಿ ಹೊಳೆಯುವುದಿಲ್ಲ ಅಂತಲೇ ಹೇಳಬಹುದು. ಟಾರ್ಚ್ ಬಿಟ್ಟಾಗ ಮಿನುಗಿದರೂ, ತೆಗೆದ ತಕ್ಷಣ ಸತ್ತುಹೋಗುತ್ತದೆ. ಲ್ಯೂಮಿನೋವಾ ಹಾಗಲ್ಲ, ಬೆಳಕು ಕುಡಿದು ಬಹಳ ಹೊತ್ತು ಹೊಳೆಯುತ್ತದೆ. ನಾನು ನೋಡುವುದು ಮುಳ್ಳು ಮತ್ತು ಡಯಲ್ ಎರಡೂ ಒಂದೇ ಬಣ್ಣದಲ್ಲಿ ಹೊಳೆದು, ಒಟ್ಟಿಗೆ ಮಂಕಾಗುತ್ತವೆಯೇ ಅಂತ. ಮುಳ್ಳು ಜೋರಾಗಿ ಹೊಳೆದು ಡಯಲ್ ಸುಮ್ಮನಿದ್ದರೆ ಯಾರೋ ಮುಳ್ಳು ಬದಲಿಸಿದ್ದಾರೆ.

ಇಷ್ಟೆಲ್ಲ ಯಾಕೆ ಅಂದರೆ, ಅಪರೂಪವಾಗಿರುವುದು ಬಹಳ ಸಲ ವಾಚಲ್ಲ, ಅದರ ಒಂದು ಭಾಗ. ಭಾಗವನ್ನು ಬಿಚ್ಚಬಹುದು, ಮಾರಬಹುದು, ಇನ್ನೊಂದಕ್ಕೆ ಹಾಕಬಹುದು. ಹಸಿರು ಬೆಜಲ್‌ನ (ಬೆಜಲ್ ಅಂದರೆ ಗಾಜಿನ ಸುತ್ತಲಿನ, ಅಂಕಿ ಬರೆದ ಬಳೆ) ಸಬ್‌ಮರೀನರ್ 16610ಎಲ್‌ವಿಯಲ್ಲಿ ಈ ಕಾಟ ತುಂಬಾ. ಸಬ್‌ಮರೀನರ್‌ಗೆ 50 ವರ್ಷವಾದಾಗ, 2003ರಲ್ಲಿ ಇದು ಬಂತು. ಟಿವಿ ಗೊಂಬೆಯಾಟದ ಹಸಿರು ಕಪ್ಪೆಯ ಹೆಸರಿನಿಂದ, ಪ್ರೀತಿಯಿಂದ ‘ಕರ್ಮಿಟ್’ ಅಂತಾರೆ. ಮೊದಲ ತಯಾರಿಯ ಬೆಜಲ್‌ನಲ್ಲಿ 40 ಎಂಬಲ್ಲಿನ 4ರ ತಲೆ ಚಪ್ಪಟೆಯಾಗಿರುತ್ತದೆ. ಆಮೇಲಿನವುಗಳಲ್ಲಿ ಅದು ಚೂಪು. ಈ ಚಪ್ಪಟೆ ನಾಲ್ಕಿಗೆ ಜನ ಕೊಡುವ ಹೆಚ್ಚಿನ ದುಡ್ಡು ಕೇಳಿದರೆ ಮನೆಯವರು ಮಾತು ಬಿಡುತ್ತಾರೆ. ಆದರೆ ಆ ಹಸಿರು ಭಾಗ ಒತ್ತಿ ಕೂರಿಸಿದ ಅಲ್ಯೂಮಿನಿಯಂ ಉಂಗುರ. ಕೈ ಪಳಗಿದವರು ಅದನ್ನು ನಿಮಿಷಗಳಲ್ಲಿ ಬದಲಿಸುತ್ತಾರೆ. ಅದಕ್ಕೇ ನಾನು ಬೆಜಲ್ ಒಂದನ್ನೇ ನಂಬುವುದಿಲ್ಲ. ಸೀರಿಯಲ್ ವೈ ಅಥವಾ ಮೊದಮೊದಲ ಎಫ್ ಆಗಿರಬೇಕು. ಡಯಲ್‌ನಲ್ಲಿ ರೋಲೆಕ್ಸ್ ಹೆಸರಿನ ‘ಒ’ ಅಕ್ಷರ ಅಗಲವಾಗಿ ಮೊಟ್ಟೆಯಾಕಾರದಲ್ಲಿರಬೇಕು. ಗ್ಯಾರಂಟಿ ಕಾಗದದ ತಾರೀಖೂ ಇವಕ್ಕೆ ಒಪ್ಪಬೇಕು. ಒಂದು ತಪ್ಪಿದರೂ ನಾನು ಸಾಮಾನ್ಯ ಕರ್ಮಿಟ್‌ನ ಬೆಲೆಯನ್ನೇ ಹೇಳುತ್ತೇನೆ. ಮಾರುವವರಿಗೆ ಸಿಟ್ಟು ಬರುತ್ತದೆ, ಬರಲಿ.

ಕೊಳ್ಳಲು ನನಗೆ ಇಷ್ಟದ ಜಾಗ ಟೋಕಿಯೊದ ನಕಾನೊ ಬ್ರಾಡ್‌ವೇ. ಒಂದೇ ಕಟ್ಟಡದಲ್ಲಿ ಸೆಕೆಂಡ್ ಹ್ಯಾಂಡ್ ವಾಚಿನ ಅಂಗಡಿಗಳು ಹಲವು. ಪಾಲಿಶ್ ಆಗಿದೆಯೇ ಎಂದು ಕೇಳಿದರೆ ಮುಖ ಸಿಂಡರಿಸದೆ ಹೇಳುತ್ತಾರೆ. ಪದೇ ಪದೇ ಪಾಲಿಶ್ ಮಾಡಿದ ವಾಚಿನ ಕೊಂಬುಗಳು ಚೀಪಿದ ಮಾವಿನ ಓಟೆಯ ಹಾಗಿರುತ್ತವೆ, ನಾನು ಮುಟ್ಟುವುದಿಲ್ಲ. ಬೆಂಗಳೂರಿಗೆ ಬಂದು ಇಳಿದಾಗ ಕಸ್ಟಮ್ಸ್‌ನ ರೆಡ್ ಚಾನೆಲ್‌ನಲ್ಲಿ ತೋರಿಸಿ, ಸುಂಕ ಕಟ್ಟಿ, ರಸೀದಿಯನ್ನು ವಾಚಿನ ಡಬ್ಬದಲ್ಲೇ ಇಡುತ್ತೇನೆ. ಮುಂದೆ ಮಾರುವಾಗಲೂ ಬೇಕಾಗುತ್ತದೆ.

ಸರ್ವೀಸ್‌ಗೆ ಕೊಡುವಾಗ ಡಯಲ್, ಮುಳ್ಳು, ಬೆಜಲ್ ಬದಲಿಸಬೇಡಿ, ಪಾಲಿಶ್ ಬೇಡ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಸರ್ವೀಸ್‌ನವರ ದೃಷ್ಟಿಯಲ್ಲಿ ಹಳೆಯ ಭಾಗ ತೆಗೆದು ಹೊಸದು ಹಾಕುವುದೇ ಒಳ್ಳೆಯ ಕೆಲಸ. ನಮಗೆ ಅದೇ ನಷ್ಟ, ಅಲ್ವಾ?

ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಎಕ್ಸ್‌ಪ್ಲೋರರ್ 214270. 2010ರಲ್ಲಿ 39 ಮಿ.ಮೀ. ಆಗಿ ಬಂದಾಗ ಮುಳ್ಳುಗಳು ಗಿಡ್ಡ, ಅಂಕಿಗಳು ಹೊಳೆಯುತ್ತಿರಲಿಲ್ಲ. 2016ರಲ್ಲಿ ಎರಡನ್ನೂ ಸರಿಮಾಡಿದರು. ಬರಿಗಣ್ಣಿಗೇ ಕಾಣುವ ವ್ಯತ್ಯಾಸ, ಕಲಿಯಲು ಸುಲಭ.

ನಾನು ಈಗ ಹುಡುಕುತ್ತಿರುವುದು ಜಿಎಂಟಿ 16710ರ ಕೊನೆಯ ತಯಾರಿ, 2007ರ ಆಸುಪಾಸಿನದು. ಡಯಲ್‌ನಲ್ಲಿ ರೋಮನ್ 2 ಎಂದಿರುವಲ್ಲಿ ಮೇಲೆ ಕೆಳಗೆ ಅಡ್ಡಗೀಟಿಲ್ಲದ ಎರಡು ಕಡ್ಡಿ ಮಾತ್ರ. ಒಳಗೆ 3185 ಬದಲು 3186 ಯಂತ್ರ ಇದ್ದರೆ ಇನ್ನೂ ಚೆನ್ನ. ಕಡ್ಡಿ ಡಯಲ್ ಇದ್ದ ಮಾತ್ರಕ್ಕೆ 3186 ಇರಲೇಬೇಕೆಂದಿಲ್ಲ. ಹಿಂಬದಿ ತೆಗೆಯದೆ ಇದನ್ನು ತಿಳಿಯಲು ಒಂದು ಉಪಾಯವಿದೆ: ಕೀಲಿಯನ್ನು ಎಳೆದು ಗಂಟೆ ಮುಳ್ಳನ್ನು ಮಾತ್ರ ಸರಿಸಬೇಕು. ಇನ್ನೊಂದು ಊರಿನ ಸಮಯ ತೋರಿಸುವ 24 ಗಂಟೆಯ ಮುಳ್ಳು ಆಗ ಅಲುಗಾಡಿದರೆ 3185, ಅಲುಗದಿದ್ದರೆ 3186. ಮಾರುವವರಿಗೆ ಇದನ್ನು ವಿಡಿಯೋದಲ್ಲಿ ಮಾಡಿ ತೋರಿಸಿ ಅನ್ನುತ್ತೇನೆ. ತೋರಿಸಿದವರ ಜೊತೆ ಮಾತ್ರ ಬೆಲೆಯ ಮಾತು.