ಹೀಟ್‌ಸಿಂಕ್ ಬಿಚ್ಚಿ ಕೂರಿಸುವಾಗ ಪ್ರೊಸೆಸರ್ ಜೋಪಾನ

ಕಂಪ್ಯೂಟರ್ ಕಾದು ತಾನಾಗೇ ಆಫ್ ಆಗುತ್ತಿದ್ದರೆ ಹೀಟ್‌ಸಿಂಕ್ (ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ಲೋಹದ ಭಾಗ) ಬಿಚ್ಚಿ, ಧೂಳು ತೆಗೆದು, ಎರಡರ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಕೂರಿಸುವುದು ಸುಲಭ. ಪ್ರೊಸೆಸರ್‌ಗೆ ಗಂಡಾಂತರ ಇರುವುದು ಬಿಚ್ಚುವಾಗ.

ನಾನು ಮೊದಲ ಸಲ ನೇರವಾಗಿ ಮೇಲಕ್ಕೆಳೆದೆ. ಟಪ್ಪೆಂದಿತು. ಸಾಕೆಟ್‌ನ (ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಲಿವರ್ ಲಾಕ್ ಆಗಿದ್ದ ಹಾಗೇ ಪ್ರೊಸೆಸರ್ ಹೀಟ್‌ಸಿಂಕ್‌ಗೆ ಅಂಟಿಕೊಂಡು ಕಿತ್ತು ಬಂದಿತ್ತು. ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗಳ (5000 ಸರಣಿವರೆಗಿನ ಡೆಸ್ಕ್‌ಟಾಪ್ ರೈಜನ್‌ಗಳು) ತಳದಲ್ಲಿ 1,331 ಪಿನ್‌ಗಳಿವೆ. ಲಿವರ್ ಅವನ್ನು ಪಕ್ಕದಿಂದ ಹಿಡಿದಿರುತ್ತದೆಯೇ ಹೊರತು ಮೇಲಿಂದ ಅದುಮುವ ಫ್ರೇಮ್ ಇಲ್ಲ. ಒಣಗಿದ ಪೇಸ್ಟಿನ ಪಟ್ಟು ಆ ಹಿಡಿತಕ್ಕಿಂತ ಗಟ್ಟಿ. 2022ರಲ್ಲಿ ಬಂದ ಎಎಂ5ರಲ್ಲಿ ಪಿನ್‌ಗಳು ಸಾಕೆಟ್‌ನಲ್ಲೇ ಇವೆ, ಫ್ರೇಮೂ ಇದೆ, ಈ ಭಯವಿಲ್ಲ.

ಹಾಗಾಗಿ ಮೊದಲು ಒಂದು ಭಾರೀ ಗೇಮ್ ಹತ್ತು ನಿಮಿಷ ಓಡಿಸಿ. ಪೇಸ್ಟ್ ಬಿಸಿಯಾಗಿ ಮೆದುವಾಗುತ್ತದೆ. ಕಂಪ್ಯೂಟರ್ ತೀರಾ ಬೇಗ ಆಫ್ ಆಗುತ್ತಿದ್ದರೆ ಆನ್ ಆಗಿದ್ದಷ್ಟು ಹೊತ್ತಿನ ಬಿಸಿಯೇ ಸಾಕು. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ ಮಲಗಿಸಿ, ಮೈಯ ಸ್ಥಿರ ವಿದ್ಯುತ್ ಹೋಗಲು ಅದರ ಲೋಹವನ್ನು ಒಮ್ಮೆ ಮುಟ್ಟಿ. ಫ್ಯಾನಿನ ವೈರ್ ಬಿಡಿಸಿ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಆಮೇಲೆ ಎಳೆಯಬೇಡಿ, ತಿರುಚಿ: ಬಿಗಿದ ಉಪ್ಪಿನಕಾಯಿ ಬಾಟಲಿ ಮುಚ್ಚಳದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಜಾರಿದ್ದು ಕೈಗೆ ಗೊತ್ತಾದ ಮೇಲಷ್ಟೇ ಎತ್ತಿ. ಜಗ್ಗದಿದ್ದರೆ ಹೇರ್ ಡ್ರೈಯರ್ ಹಿಡಿದು ಮತ್ತೆ ತಿರುಚಿ.

ಅಷ್ಟಾದರೂ ಕಿತ್ತು ಬಂದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಬಿಸಿ ಮಾಡಿ, ಅಂಚು ಹಿಡಿದು ತಿರುಚಿ ಬಿಡಿಸಿ. ಸೊಟ್ಟಗಾದ ಪಿನ್ ನೆಟ್ಟಗಾಗಿಸಲು ಲೆಡ್ ತೆಗೆದ ಪೆನ್ ಪೆನ್ಸಿಲ್ ಒಳ್ಳೆಯ ಉಪಕರಣ. ಅದರ ತುದಿಯೊಳಗೆ ಪಿನ್ ಇಳಿಸಿ ಕೂದಲೆಳೆಯಷ್ಟೇ ಬಾಗಿಸಬೇಕು. ನನ್ನ ಪ್ರೊಸೆಸರ್‌ನಲ್ಲಿ ಆರು ಪಿನ್ ಬಾಗಿದ್ದವು, ಒಂದು ಸಂಜೆ ಪೂರ್ತಿ ಹಿಡಿಯಿತು. ಮರಳಿ ಹಾಕುವಾಗ ಲಿವರ್ ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ. ತನ್ನ ಭಾರಕ್ಕೇ ಒಳಗಿಳಿಯಬೇಕು, ಒತ್ತುವಂತಿಲ್ಲ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನಾರು ಬಿಡದ ಬಟ್ಟೆಯಿಂದ ಒರೆಸಿ. ಹೊಸ ಪೇಸ್ಟ್ ನಡುವೆ ಬಟಾಣಿ ಗಾತ್ರದ್ದು ಸಾಕು; ಹೀಟ್‌ಸಿಂಕೇ ಹೊಸದಾದರೆ ತಳದ ಪ್ಲಾಸ್ಟಿಕ್ ಹಾಳೆ ಸುಲಿಯಲು ಮರೆಯಬೇಡಿ.

ಹೀಟ್‌ಸಿಂಕ್ ನೇರವಾಗಿ ಇಳಿಸಿ. ನಾಲ್ಕೂ ಸ್ಕ್ರೂಗಳಿಗೆ ಮೊದಲು ಎರಡೆರಡೇ ಸುತ್ತು, ಆಮೇಲೆ ಮತ್ತೆ ಎದುರುಬದುರು ಬಿಗಿಸುತ್ತಾ ಬನ್ನಿ. 2000ನೇ ಇಸವಿಯ ಎಎಂಡಿಯ ಸಾಕೆಟ್ ಎ ಅಥ್ಲಾನ್ ಪ್ರೊಸೆಸರ್‌ಗಳಲ್ಲಿ ಸಿಲಿಕಾನ್ ಚಿಪ್ ಬರಿಮೈಯಲ್ಲಿತ್ತು, ಹೀಟ್‌ಸಿಂಕ್ ಓರೆಯಾಗಿ ಕೂತರೆ ಮೂಲೆಯೇ ಚಕ್ಕೆ ಏಳುತ್ತಿತ್ತು. ಈಗ ಮೇಲೊಂದು ಲೋಹದ ಮುಚ್ಚಳವಿದೆ. ಆದರೂ ಒಂದೇ ಮೂಲೆ ಪೂರ್ತಿ ಬಿಗಿದರೆ ಪೇಸ್ಟ್ ಒಂದು ಬದಿಗೆ ಸರಿದು, ಇನ್ನೊಂದು ಬದಿ ಒಣ ಉಳಿಯುತ್ತದೆ.

ಸಿಪಿಯು ಫ್ಯಾನ್ ಎಂದು ಗುರುತಿರುವ ಕಡೆಯೇ ವೈರ್ ಚುಚ್ಚಿ, ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ತೆರೆದು ಉಷ್ಣತೆ ನೋಡಿ. ಒಂದು ಮಟ್ಟಕ್ಕೆ ಬಂದು ನಿಂತರೆ ಸರಿ. ಎರಡೇ ನಿಮಿಷದಲ್ಲಿ 80 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಆಫ್ ಮಾಡಿ, ಪೇಸ್ಟ್ ಒರೆಸಿ, ಮತ್ತೊಮ್ಮೆ ಕೂರಿಸಿ.