ಬಾರ್ಬೆಕ್ಯೂಗೆ ಕರೆದರೆ ಖಾಲಿ ಕೈಲಿ ಹೋಗಬೇಡಿ

ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ ಒಂದು ಮಾತು. ಆಫೀಸಿನವರೋ ಪಕ್ಕದ ಮನೆಯವರೋ ಬಾರ್ಬೆಕ್ಯೂಗೆ ಕರೆದರೆ, ಊರಲ್ಲಿ ಊಟಕ್ಕೆ ಕರೆದ ಹಾಗೆ ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಹೋಗಿಬಿಡಬೇಡಿ. ಮೆಸೇಜಲ್ಲಿ ಬಿವೈಒ (ಬ್ರಿಂಗ್ ಯುವರ್ ಓನ್, ಅಂದರೆ ನಿಮ್ಮದು ನೀವೇ ತನ್ನಿ) ಅಂತಿದ್ದರೆ ಕುಡಿಯುವುದನ್ನು ನೀವೇ ಒಯ್ಯಬೇಕು. ಕೆಲವರು ಮಾಂಸವನ್ನೂ ಅವರವರೇ ತರಲಿ ಅನ್ನುತ್ತಾರೆ. "ನಾನೇನು ತರಲಿ?" ಅಂತ ಮೊದಲೇ ಕೇಳಿ, ಅದರಲ್ಲಿ ಸಂಕೋಚ ಏನೂ ಇಲ್ಲ.

ಸಸ್ಯಾಹಾರಿಗಳಾದರೆ ಆಗಲೇ ಹೇಳಿಬಿಡಿ. ಇಲ್ಲಾಂದ್ರೆ ಸಾಸೇಜ್ ಬೇಯಿಸಿದ ಕಾವಲಿ ಮೇಲೇ ನಿಮ್ಮ ಈರುಳ್ಳಿಯೂ ಬೇಯುತ್ತದೆ. ನಾನಂತೂ ಪನೀರ್, ಜೋಳದ ತೆನೆಗೆ ಮಸಾಲೆ ಹಚ್ಚಿ, ಬೇಯಿಸುವುದಕ್ಕೆ ಒಂದು ಫಾಯಿಲ್ ಟ್ರೇ ಕೂಡ ಜೊತೆಗೇ ಒಯ್ಯುತ್ತೇನೆ. ಚಿತ್ರಾನ್ನ ಒಯ್ದರಂತೂ ಅದೇ ಮೊದಲು ಖಾಲಿ! ಖಾರ ಕಮ್ಮಿ ಇರಲಿ. ಶೇಂಗಾ ಹಾಕಿದ್ದರೆ ತಪ್ಪದೆ ಹೇಳಿ, ಇಲ್ಲಿ ಅಲರ್ಜಿ ಇರುವವರು ಜಾಸ್ತಿ.

ಕರೆಯದ ನೆಂಟರನ್ನು ಕೇಳದೆ ಕರೆದುಕೊಂಡು ಹೋಗಬೇಡಿ. ಮ್ಯಾನೇಜರ್ ಆದರೂ ಹೆಸರು ಹಿಡಿದೇ ಕರೆಯಿರಿ, ಸರ್ ಅಂದರೆ ಅವರಿಗೇ ಮುಜುಗರ.

ಪಬ್ಬಿನದು ಬೇರೆ ಲೆಕ್ಕ. ಅಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸುತ್ತಾರೆ, ನೀವು ಬರೀ ಜ್ಯೂಸ್ ಕುಡಿದರೂ ನಿಮ್ಮ ಸರದಿ ಬಂದೇ ಬರುತ್ತದೆ. ಬೇಡ ಅಂದರೆ ಶುರುವಿಗೇ "ನಂದು ನಾನೇ ತಗೋತೀನಿ" ಅಂದುಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.